ಮರೆವಿನ ಪರೀಕ್ಷೆಯಲ್ಲಿ ಅಮ್ಮನ ಅಂಕ 22 ಇದ್ದದ್ದು 17 ಆಯಿತು. ಇನ್ನು ಎಷ್ಟು ಬೇಗ ಇಳಿಯುತ್ತದೆ, ಹೇಳಲು ಆಗುತ್ತದಾ?

ವೀಣಾ_ಸಾಗರ | 12 ಜನವರಿ 2025

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಅಮ್ಮನಿಗೆ 71. ಸಾಗರದ ಹತ್ತಿರ ಒಂದು ಹಳ್ಳಿ ಶಾಲೆಯಲ್ಲಿ 33 ವರ್ಷ ಟೀಚರ್ ಆಗಿದ್ದರು. ಒಂದರಿಂದ ನಾಲ್ಕನೇ ಕ್ಲಾಸು, ಎಲ್ಲ ವಿಷಯವೂ ಅವರೇ. ಮಗ್ಗಿ ತಪ್ಪಿದವರನ್ನು ಊಟಕ್ಕೆ ಬಿಡುತ್ತಿರಲಿಲ್ಲ, ನಮ್ಮನ್ನೂ ಸೇರಿಸಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಕರೆದುಕೊಂಡು ಬಂದು ನರರೋಗದ ಡಾಕ್ಟರಿಗೆ ತೋರಿಸಿದೆವು. ಎಂಆರ್‌ಐ, ಬಿ12, ಥೈರಾಯ್ಡ್ ಎಲ್ಲ ಆಯಿತು. ಮರೆವಿನ ಕಾಯಿಲೆ, ಅಲ್ಜೈಮರ್ ಅಂದರು. 30 ಅಂಕದ ಪರೀಕ್ಷೆ ಇರುತ್ತದಲ್ಲ, ಎಂಎಂಎಸ್‌ಇ, ಅದರಲ್ಲಿ 22 ಬಂದಿತ್ತು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದಾಗ ಅಮ್ಮ ಪಟಪಟ ಹೇಳಿದರು. ಆದರೆ ಮೂರು ಪದ ನೆನಪಿಟ್ಟುಕೊಳ್ಳಿ ಅಂದಿದ್ದರಲ್ಲ, ಐದು ನಿಮಿಷ ಬಿಟ್ಟು ಕೇಳಿದರೆ "ಯಾವ ಪದ?" ಅಂದರು. ಡೊನೆಪೆಜಿಲ್ ಮಾತ್ರೆ ಶುರು ಮಾಡಿದರು.

ಹೋದ ಡಿಸೆಂಬರ್‌ನಲ್ಲಿ ಮತ್ತೆ ಅದೇ ಪರೀಕ್ಷೆ. ಈ ಸಲ 17. ರಾತ್ರಿ ಬಸ್ಸಿನಲ್ಲಿ ಬಂದಿದ್ದೆವು, ಅಮ್ಮ ಕಣ್ಣು ಮುಚ್ಚಿರಲಿಲ್ಲ, ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ. ಆದರೂ ಐದು ಅಂಕ! ಇದು ಎಷ್ಟು ಬೇಗ ಜಾಸ್ತಿ ಆಗುತ್ತದೆ ಸಾರ್ ಅಂತ ಕೇಳಿದೆ. "ಒಬ್ಬೊಬ್ಬರಿಗೆ ಒಂದೊಂದು ಥರ" ಅಂದರು. ಅಷ್ಟರಲ್ಲಿ ಮುಂದಿನ ಟೋಕನ್ ಕೂಗಿದರು.

ನನ್ನ ಅಣ್ಣ ಡಲ್ಲಾಸ್‌ನಲ್ಲಿದ್ದಾನೆ. ಅವನಿಗೆ ಇಂಥ ಉತ್ತರ ಸಾಲುವುದಿಲ್ಲ. ಎಕ್ಸೆಲ್‌ನಲ್ಲಿ ಎರಡು ಚುಕ್ಕೆ ಇಟ್ಟು ಗೆರೆ ಎಳೆದಿದ್ದಾನೆ. ಒಂಬತ್ತು ತಿಂಗಳಿಗೆ ಐದು ಅಂಕ. ಹಾಗಾದರೆ 2027ರ ಜೂನ್ ಹೊತ್ತಿಗೆ ಸೊನ್ನೆ. ಆ ಗೆರೆಗೆ ಕೆಂಪು ಬಣ್ಣ ಬೇರೆ ಹಾಕಿ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದ. ಸಾಗರದ ಮನೆ ಮಾರಿ, ಅಪ್ಪ ಅಮ್ಮ ಇಬ್ಬರನ್ನೂ ಬೆಂಗಳೂರಿಗೆ ತಂದು, ಅಮ್ಮನನ್ನು ಒಳ್ಳೆಯ ಕೇರ್ ಹೋಮ್‌ಗೆ ಸೇರಿಸುವುದು ಅವನ ಯೋಚನೆ. ಅಪ್ಪ ಆ ಚಿತ್ರ ನೋಡಿ ಫೋನ್ ಕೆಳಗಿಟ್ಟರು. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಇದು ಶುರುವಾಗಿ ಐದು ವರ್ಷ ಆಯಿತು. ನಿಮಗೆ ಗೊತ್ತಿರಲಿಲ್ಲ ಅಷ್ಟೇ."

ಅಣ್ಣ ಇದನ್ನು ಒಪ್ಪುವುದಿಲ್ಲ. 2023ರ ಮಾರಿಕಾಂಬಾ ಜಾತ್ರೆಗೆ ಬಂದಿದ್ದ. ಆಗ ಅಮ್ಮ ಚೆನ್ನಾಗಿಯೇ ಇದ್ದರು, ನನಗೆ ಬೆಂಡು ಬತ್ತಾಸು ಕಟ್ಟಿ ಕೊಟ್ಟರು ಅನ್ನುತ್ತಾನೆ. ಅಪ್ಪನ ಪ್ರಕಾರ 2020ರ ಜಾತ್ರೆಗೂ ಮುಂಚೆಯೇ ಶುರುವಾಗಿತ್ತು.

ನನ್ನ ಸಂಕಟ ಬೇರೆ. ನಾನು ಕೆಲಸ ಮಾಡುವ ಕಡೆ ಸಂಬಳವಿಲ್ಲದ ರಜೆ ಒಂದು ವರ್ಷ ಕೊಡುತ್ತಾರೆ. ಒಂದೇ ಸಲ. ಈಗ ತೆಗೆದುಕೊಂಡು ಅಮ್ಮ ಇನ್ನೂ ಮಾತಾಡುತ್ತಿರುವಾಗ ಜೊತೆಗಿರಲಾ? ಅಥವಾ ಅಪ್ಪನ ಕೈಯಲ್ಲಿ ಆಗದೇ ಇರುವ ವರ್ಷಕ್ಕೆ ಉಳಿಸಿಕೊಳ್ಳಲಾ? ವೇಗ ಗೊತ್ತಾಗದೆ ಇದನ್ನು ತೀರ್ಮಾನ ಮಾಡುವುದು ಹೇಗೆ?

---

ಹಳೇ_ಕ್ಯಾಶಿಯರ್ | 12 ಜನವರಿ 2025

ವೀಣಾ, ನನ್ನ ಮಗಳ ವಯಸ್ಸಿರಬಹುದು ನಿನಗೆ, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಾನು ದಾವಣಗೆರೆಯವನು. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್‌ನಲ್ಲೇ ಕೂದಲು ಬೆಳ್ಳಗಾಯಿತು. ನನ್ನ ಹೆಂಡತಿಗೆ ಇದೇ ಕಾಯಿಲೆ ಇತ್ತು. ಗೊತ್ತಾದದ್ದು 2011ರಲ್ಲಿ, ಹೋದದ್ದು 2020ರಲ್ಲಿ.

ನಿನ್ನ ಅಣ್ಣನ ಗೆರೆಯನ್ನು ನಾನೂ ಎಳೆದಿದ್ದೆ. ಎಕ್ಸೆಲ್ ಇರಲಿಲ್ಲ, ಲೆಡ್ಜರ್ ಹಾಳೆಯಲ್ಲಿ. ಮೊದಲ ವರ್ಷವೇ ಅದು ಸುಳ್ಳಾಯಿತು. ಅಂಕ ಬಿಟ್ಟು ಡೈರಿ ಬರೆಯಲು ಶುರು ಮಾಡಿದೆ. ಪ್ರತಿ ತಿಂಗಳ ಒಂದನೇ ತಾರೀಖು ಒಂದೇ ಪುಟ. ಸೀರೆ ತಾನೇ ಆರಿಸಿದಳಾ? ತಾನೇ ಉಟ್ಟಳಾ? ಸ್ನಾನ? ಕಕ್ಕಸಿಗೆ ತಾನೇ ಹೋದಳಾ? ರಾತ್ರಿ ಒದ್ದೆಯಾಯಿತಾ? ಆಮೇಲೆ ಒಬ್ಬ ಡಾಕ್ಟರು ಹೇಳಿದರು, ಇದಕ್ಕೆ ಫಾಸ್ಟ್ ಅಂತ ಒಂದು ಏಣಿಯೇ ಇದೆ, ಅಮೆರಿಕದ ರೈಸ್‌ಬರ್ಗ್ ಅನ್ನುವವರು ಮಾಡಿದ್ದು, ಏಳು ಮೆಟ್ಟಿಲು. ಮಗು ಕಲಿಯುವ ಕ್ರಮವನ್ನು ಹಿಂದುಮುಂದಾಗಿ ಓದಿದರೆ ಹೆಚ್ಚುಕಮ್ಮಿ ಅದೇ. ಸಂದರ್ಭಕ್ಕೆ ತಕ್ಕ ಬಟ್ಟೆ ಆರಿಸುವುದು ಮೊದಲು ಹೋಗುತ್ತದೆ, ಉಡುವುದು ಆಮೇಲೆ, ಸ್ನಾನ ಆಮೇಲೆ, ಮೂತ್ರದ ಹಿಡಿತ ಅದಾದ ಮೇಲೆ. ಮಾತು, ನಡಿಗೆ ಕೊನೆಗೆ.

ಕ್ರಮ ಸುಮಾರಾಗಿ ಹಾಗೆಯೇ ನಡೆಯಿತು. ವೇಗ ಮಾತ್ರ ನಡೆಯಲಿಲ್ಲ. ಸೀರೆ ಆರಿಸಲು ಆಗದ ಮೆಟ್ಟಿಲಲ್ಲಿ ಎರಡೂವರೆ ವರ್ಷ ನಿಂತಿದ್ದಳು. ಇನ್ನೇನು, ಹೀಗೇ ಇರುತ್ತಾಳೆ ಅಂತ ನನಗೆ ಧೈರ್ಯ ಬಂದಿತ್ತು. 2016ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್, ಒಂಬತ್ತು ದಿನ ಆಸ್ಪತ್ರೆ. ಮೂರನೇ ರಾತ್ರಿ ನರ್ಸನ್ನು ಕಳ್ಳಿ ಅಂದುಕೊಂಡು ಕೂಗಾಡಿದಳು. ಅದಕ್ಕೆ ಡೆಲಿರಿಯಂ ಅನ್ನುತ್ತಾರಂತೆ. ಮನೆಗೆ ಬಂದ ಮೇಲೆ ಐದು ತಿಂಗಳಲ್ಲಿ ಮೂರು ಮೆಟ್ಟಿಲು ಇಳಿದಳು. ಅವು ಮತ್ತೆ ಹತ್ತಲೇ ಇಲ್ಲ. ಯಾವ ಗೆರೆಯೂ ಆ ಬಚ್ಚಲನ್ನು ಮೊದಲೇ ತೋರಿಸಿರಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿ ಅಂತ ಮಗ ಆರು ತಿಂಗಳಿಂದ ಹೇಳುತ್ತಿದ್ದ. ನಾನು ಹಾಕಿಸಿರಲಿಲ್ಲ. ಇದು ಬೇರೆ ಮಾತು. ನಿಮ್ಮ ಮನೆಯಲ್ಲಿ ಹಾಕಿಸು.

ಇನ್ನೊಂದು, ಹಳೇ ಕಸುಬಿನ ಮಾತು. ವೇಗ ಗೊತ್ತಿಲ್ಲದಿದ್ದರೂ ಕಾಗದಪತ್ರದ ಕೆಲಸ ಈ ತಿಂಗಳೇ ಮುಗಿಸಿ. ಅಮ್ಮನ ಪಿಂಚಣಿ ಖಾತೆಗೆ ಅಪ್ಪನನ್ನು ಸೇರಿಸಿ, ಈದರ್ ಆರ್ ಸರ್ವೈವರ್ ಮಾಡಿಸಿ, ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಖಾತೆ ನಡೆಸುವ ಹಾಗೆ. ನಾಮಿನಿ ನೋಡಿಕೊಳ್ಳಿ. ವಿಲ್ ಬರೆಸುವುದಿದ್ದರೆ ಈಗಲೇ, ಡಾಕ್ಟರ ಸರ್ಟಿಫಿಕೇಟ್ ಜೊತೆ. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕಾನೂನಿನ ಪ್ರಕಾರ ಅದು ಬಿದ್ದುಹೋಗುತ್ತದೆ. ಕೌಂಟರ್‌ಗೆ ಬಂದು ಅತ್ತವರನ್ನು ನಾನೇ ನೋಡಿದ್ದೇನೆ. ಸಹಿ ಹೊಂದುವುದಿಲ್ಲ ಅಂತ ವಾಪಸ್ ಕಳಿಸಿದವನೂ ನಾನೇ.

---

ಮೆಡಿಕಲ್_ಹುಬ್ಬಳ್ಳಿ | 13 ಜನವರಿ 2025

ಅಕ್ಕಾರೆ, ಒಂದೇ ಪ್ರಶ್ನೆ. ಡಿಸೆಂಬರ್ ಪರೀಕ್ಷೆಗಿಂತ ಮುಂಚೆ ಹೊಸ ಮಾತ್ರೆ ಏನಾದರೂ ಶುರುವಾಗಿತ್ತಾ? ನೆಗಡಿ, ತುರಿಕೆ, ನಿದ್ದೆ, ಮೂತ್ರ, ಯಾವುದಕ್ಕಾದರೂ? ಡಬ್ಬಿ ನೋಡಿ ಹೇಳಿ.

---

ವೀಣಾ_ಸಾಗರ | 13 ಜನವರಿ 2025

ಅಪ್ಪನಿಗೆ ಫೋನ್ ಮಾಡಿ ಒಂದೊಂದೇ ಮಾತ್ರೆಯ ಪಟ್ಟಿ (ಸ್ಟ್ರಿಪ್) ಓದಿಸಿದೆ. ದೀಪಾವಳಿ ಹೊತ್ತಿಗೆ ಅಮ್ಮ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ಊರಿನ ಡಾಕ್ಟರು ಒಂದು ಮಾತ್ರೆ ಕೊಟ್ಟಿದ್ದರು. ಆಕ್ಸಿಬ್ಯುಟಿನಿನ್ ಅಂತ ಇದೆ. ಬೆಂಗಳೂರಿನ ಡಾಕ್ಟರಿಗೆ ನಾವು ಇದನ್ನು ಹೇಳಿಯೇ ಇರಲಿಲ್ಲ. ಮೂತ್ರದ ಮಾತ್ರೆಗೂ ಮರೆವಿಗೂ ಏನು ಸಂಬಂಧ ಅಂದುಕೊಂಡೆವು.

---

ಮೆಡಿಕಲ್_ಹುಬ್ಬಳ್ಳಿ | 13 ಜನವರಿ 2025

ಅದೇ ನೋಡಿ. ಡೊನೆಪೆಜಿಲ್ ಕೆಲಸ ಏನು? ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವುದು ಬೇಗ ಕರಗದ ಹಾಗೆ ನೋಡಿಕೊಳ್ಳುವುದು. ಈ ಮೂತ್ರದ ಮಾತ್ರೆ ಅದೇ ಅಸಿಟೈಲ್‌ಕೋಲಿನ್‌ಗೆ ತಡೆ ಹಾಕುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ವಯಸ್ಸಾದವರಲ್ಲಿ ಇದು ಮಂಕು ಹಿಡಿಸುತ್ತದೆ. ತಮಾಷೆ ಅಂದರೆ, ಮೂತ್ರ ಜಾಸ್ತಿ ಆಗುವುದಕ್ಕೆ ಎಷ್ಟೋ ಸಲ ಡೊನೆಪೆಜಿಲ್ಲೇ ಕಾರಣ ಆಗಿರುತ್ತದೆ! ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಕೂಡ ಇದೇ ಜಾತಿ. ನೀವೇ ನಿಲ್ಲಿಸಬೇಡಿ. ಎರಡೂ ಪಟ್ಟಿಗಳ ಫೋಟೊ ತೆಗೆದು ನಾಳೆಯೇ ಡಾಕ್ಟರಿಗೆ ತೋರಿಸಿ. ಮೂತ್ರದಲ್ಲಿ ಸೋಂಕು ಇದೆಯಾ ಅಂತಲೂ ನೋಡಿಸಿ.

---

ಪರೀಕ್ಷೆ_ಮೇಡಂ | 14 ಜನವರಿ 2025

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇದೇ ಪರೀಕ್ಷೆಗಳನ್ನು ಮಾಡುವವಳು. ಡಾಕ್ಟರ್ ಅಲ್ಲ, ಮನಶ್ಶಾಸ್ತ್ರದವಳು. ಮೇಲಿನ ಇಬ್ಬರೂ ಮುಖ್ಯವಾದದ್ದನ್ನೇ ಹೇಳಿಬಿಟ್ಟಿದ್ದಾರೆ. ನಾನು ಲೆಕ್ಕದ ಭಾಗ ಹೇಳುತ್ತೇನೆ.

ಎಂಎಂಎಸ್‌ಇ 1975ರದ್ದು. ಅಲ್ಜೈಮರ್‌ನಲ್ಲಿ ಅದು ಸರಾಸರಿ ವರ್ಷಕ್ಕೆ ಮೂರು ಅಂಕದಷ್ಟು ಇಳಿಯುತ್ತದೆ ಅನ್ನುವುದು ರೂಢಿಯ ಮಾತು. ಆದರೆ ನಿದ್ದೆಗೆಟ್ಟು ಬಂದರೆ, ಕಿವಿ ಮಂದವಾಗಿದ್ದರೆ, ಪರೀಕ್ಷೆ ಮಾಡುವವರು ಬದಲಾದರೆ, ಅದೇ ವ್ಯಕ್ತಿಯ ಅಂಕ ಎರಡು ಮೂರು ಅತ್ತಿತ್ತ ಆಗುವುದು ಮಾಮೂಲು. ರಾತ್ರಿ ಬಸ್ಸು ಮತ್ತು ಆ ಮಾತ್ರೆ, ಎರಡೂ ಸೇರಿದ ದಿನದ 17ನ್ನು ನಾನಾಗಿದ್ದರೆ ಗೆರೆಗೆ ಸೇರಿಸುತ್ತಿರಲಿಲ್ಲ. ಜೊತೆಗೆ ಈ ಅಂಕ ನೇರ ಗೆರೆಯಲ್ಲಿ ಇಳಿಯುವುದೂ ಇಲ್ಲ. ಶುರುವಿನಲ್ಲಿ ನಿಧಾನ, ನಡುವೆ ಜೋರು, ಕೊನೆಗೆ ಪರೀಕ್ಷೆಗೇ ಅಳೆಯಲು ಏನೂ ಉಳಿದಿರುವುದಿಲ್ಲ. ಸೊನ್ನೆ ಬಂದವರೂ ಹಾಡು ಕೇಳಿ ತಾಳ ಹಾಕುತ್ತಾರೆ.

ಈಗ ನಿಮ್ಮ ಅಪ್ಪ, ಅಣ್ಣನ ಜಗಳ. ಅದು ಸುಮ್ನೆ ಜಗಳ ಅಲ್ಲ. ಹ್ಯೂಸ್ಟನ್‌ನ ಬೇಲರ್ ಮೆಡಿಕಲ್ ಕಾಲೇಜಿನಲ್ಲಿ ರೇಚಲ್ ಡೂಡಿ ಮತ್ತು ಜೊತೆಗಾರರು ಒಂದು ಸರಳ ಲೆಕ್ಕ ಮಾಡಿದರು. 30ರಿಂದ ಮೊದಲ ಪರೀಕ್ಷೆಯ ಅಂಕ ಕಳೆಯಿರಿ. ಮೊದಲ ಲಕ್ಷಣ ಕಂಡು ಎಷ್ಟು ವರ್ಷ ಆಗಿತ್ತೋ ಅದರಿಂದ ಭಾಗಿಸಿ. ವರ್ಷಕ್ಕೆ ಎರಡಕ್ಕಿಂತ ಕಡಿಮೆ ಬಂದರೆ ನಿಧಾನದ ಗುಂಪು. ಐದು ಅಥವಾ ಜಾಸ್ತಿ ಬಂದರೆ ವೇಗದ ಗುಂಪು. ನಡುವಿನವರು ನಡುವೆ. ನಿಧಾನವಾಗಿ ಶುರುವಾದವರು ಮುಂದೆಯೂ ನಿಧಾನವಾಗಿ, ವೇಗವಾಗಿ ಶುರುವಾದವರು ವೇಗವಾಗಿ ಹೋಗುವ ಸಂಭವ ಹೆಚ್ಚು ಅಂತ ಅವರು ವರ್ಷಗಟ್ಟಲೆ ನೋಡಿ ಹೇಳಿದರು.

ನಿಮ್ಮ ಅಮ್ಮನದು 30ರಲ್ಲಿ 22 ಹೋದರೆ ಎಂಟು. ಅಣ್ಣನ ಜಾತ್ರೆ ಸರಿಯಾದರೆ ಒಂದೇ ವರ್ಷ, ಅಂದರೆ ವರ್ಷಕ್ಕೆ ಎಂಟು. ಅಪ್ಪನ ಜಾತ್ರೆ ಸರಿಯಾದರೆ ನಾಲ್ಕು ವರ್ಷ, ವರ್ಷಕ್ಕೆ ಎರಡು. ಒಂದೇ ಅಮ್ಮ, ಎರಡು ಭವಿಷ್ಯ! ಶುರುವಾದದ್ದು ಯಾವಾಗ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ನಾವೂ ಮನೆಯವರನ್ನು ಹಾಗೇ ಕೇಳುತ್ತೇವೆ: ಲಾಕ್‌ಡೌನ್‌ಗಿಂತ ಮುಂಚೆಯಾ, ಮಗಳ ಮದುವೆಗಿಂತ ಮುಂಚೆಯಾ? ದೂರದಲ್ಲಿರುವ ಮಕ್ಕಳು ಸಾಮಾನ್ಯವಾಗಿ ತಡವಾದ ತಾರೀಖು ಹೇಳುತ್ತಾರೆ. ಹಬ್ಬಕ್ಕೆ ಬಂದವರ ಮುಂದೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಅಲ್ವಾ?

ಇನ್ನೊಂದು ಎಚ್ಚರಿಕೆ. ಅವರು ಟೀಚರ್. ಓದು ಬರಹ ಜಾಸ್ತಿ ಇದ್ದವರದು ತುಂಬಿದ ಕಣಜದ ಹಾಗೆ. ಒಳಗೆ ಇಲಿ ತಿನ್ನುತ್ತಿದ್ದರೂ ಬಹಳ ದಿನ ಹೊರಗೆ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ತಳ ಬೇಗ ಕಾಣುತ್ತದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿಯವರ ತಂಡ 648 ಮಂದಿಯನ್ನು ನೋಡಿ 2013ರಲ್ಲಿ ಬರೆದದ್ದು ನೆನಪಾಗುತ್ತದೆ: ಎರಡು ಭಾಷೆ ಆಡುವವರಿಗೆ ಮರೆವಿನ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಆದರೆ ಅದು ಶುರುವಿನ ಮಾತು, ಶುರುವಾದ ಮೇಲಿನ ವೇಗದ್ದಲ್ಲ.

ನಿಖರವಾಗಿ ಹೇಳುವ ಪ್ರಯತ್ನಗಳೂ ನಡೆದಿವೆ. 2024ರಲ್ಲಿ ಆಮ್‌ಸ್ಟರ್‌ಡ್ಯಾಂನವರು 961 ಜನರ ದಾಖಲೆ ಇಟ್ಟುಕೊಂಡು, ಮುಂದೆ ಅಂಕ ಎಷ್ಟಾಗುತ್ತದೆ ಅಂತ ಅಂದಾಜು ಮಾಡುವ ಲೆಕ್ಕದ ಮಾದರಿ ಕಟ್ಟಿದರು. ಸೌಮ್ಯ ಹಂತದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇದ್ದವರ ಸರಾಸರಿ ಅಂಕ ಐದು ವರ್ಷದಲ್ಲಿ 22.4ರಿಂದ 7.8ಕ್ಕೆ ಇಳಿಯಿತು. ಆದರೆ ಅಂಥವರಲ್ಲಿ ಸುಮಾರು ಅರ್ಧ ಮಂದಿಗೆ ಲೆಕ್ಕಕ್ಕೂ ನಿಜಕ್ಕೂ ಮೂರು ಅಂಕಕ್ಕಿಂತ ಜಾಸ್ತಿ ಅಂತರ ಇತ್ತು. ಅದೂ ಅಲ್ಲಿನ ಜನರ ಲೆಕ್ಕ. ನಮ್ಮ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಸಾವಿರಾರು ಜನರನ್ನು ವರ್ಷ ವರ್ಷ ನೋಡುತ್ತಿದ್ದಾರೆ. ನಮ್ಮ ಜನರ ಗೆರೆ ಅಲ್ಲಿಂದ ಬರಬೇಕು.

ಒಂದು ಪ್ರಶ್ನೆ: ಇಲ್ಲದ ಜನ ಕಾಣುತ್ತಾರೆ ಅನ್ನುತ್ತಾರಾ? ಕೈಕಾಲು ಬಿಗಿಯಾಗಿ, ಹೆಜ್ಜೆ ಚಿಕ್ಕದಾಗಿದೆಯಾ? ಹಾಗಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅವು ವೇಗದ ಸೂಚನೆ ಆಗಬಹುದು, ಕಾಯಿಲೆಯೇ ಬೇರೆಯೂ ಇರಬಹುದು.

---

ಜರ್ಸಿ_ಕನ್ನಡಿಗ | 15 ಜನವರಿ 2025

ಅಣ್ಣ ಅಮೆರಿಕದಲ್ಲಿದ್ದಾರೆ ಅಂದಿರಿ, ಅಲ್ಜೈಮರ್ ಇಳಿತ ನಿಧಾನ ಮಾಡುವ ಹೊಸ ಔಷಧಿ ಲೆಕನೆಮ್ಯಾಬ್ ಸುದ್ದಿ ತಂದೇ ತರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಾವನವರಿಗೆ ಇಲ್ಲಿ ನ್ಯೂಜರ್ಸಿಯಲ್ಲಿ ಎರಡು ವಾರಕ್ಕೊಮ್ಮೆ ಡ್ರಿಪ್ ಹಾಕಿಸುತ್ತಿದ್ದೇವೆ. ಮೆದುಳಲ್ಲಿ ಊತ, ರಕ್ತಸ್ರಾವ ಆಗಿದೆಯಾ ನೋಡಲು ಆಗಾಗ ಎಂಆರ್‌ಐ. 18 ತಿಂಗಳ ಪ್ರಯೋಗದಲ್ಲಿ ಇಳಿತ 27% ನಿಧಾನವಾಯಿತು ಅನ್ನುತ್ತಾರೆ. 18 ಅಂಕದ ಬೇರೊಂದು ಅಳತೆಯಲ್ಲಿ ಅದು 0.45ರ ವ್ಯತ್ಯಾಸ.

ಮಾವನವರಿಗೆ ಉಪಯೋಗ ಆಗುತ್ತಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಔಷಧಿ ಇಲ್ಲದಿದ್ದರೆ ಎಷ್ಟು ಇಳಿಯುತ್ತಿದ್ದರು ಅಂತ ಗೊತ್ತಿದ್ದರೆ ತಾನೇ ಹೇಳಲು? ಅವರ ಇನ್ನೊಂದು ಪ್ರತಿ ಎಲ್ಲೂ ಇಲ್ಲವಲ್ಲ. ಹೋದ ತಿಂಗಳು ಚೆನ್ನಾಗಿದ್ದರು. ಈ ತಿಂಗಳು ಹಿಮ ಬಿತ್ತು, ಮನೆಯೊಳಗೇ ಕೂತು ಮಂಕಾಗಿದ್ದಾರೆ. ಔಷಧಿಯೋ, ಕಾಯಿಲೆಯೋ, ಹಿಮವೋ?

---

ವೀಣಾ_ಸಾಗರ | 25 ಮೇ 2025

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ಇಲ್ಲದ ಜನ ಕಾಣುವುದು, ಬಿಗಿ ನಡಿಗೆ ಎರಡೂ ಇಲ್ಲ ಮೇಡಂ. ಜನವರಿಯಲ್ಲೇ ಡಾಕ್ಟರಿಗೆ ಪಟ್ಟಿಗಳ ಫೋಟೊ ಕಳಿಸಿದೆ. ಮೂತ್ರದ ಮಾತ್ರೆ ನಿಲ್ಲಿಸಿದರು. ಸೋಂಕು ಇರಲಿಲ್ಲ. ಡೊನೆಪೆಜಿಲ್ಲನ್ನು ರಾತ್ರಿಯ ಬದಲು ಬೆಳಿಗ್ಗೆಗೆ ಬದಲಾಯಿಸಿದರು. ಮೂರು ವಾರದಲ್ಲಿ ಅಮ್ಮ ಮತ್ತೆ ಪೇಪರ್ ಹಿಡಿದು ತಲೆಬರಹ ಗಟ್ಟಿಯಾಗಿ ಓದಲು ಶುರು ಮಾಡಿದರು. ಹುಬ್ಬಳ್ಳಿ ಅಣ್ಣ, ನಿಮಗೆ ಏನು ಹೇಳಲಿ. ಸಾಗರಕ್ಕೆ ಬಂದರೆ ಮನೆಗೆ ಬರಲೇಬೇಕು.

ಈ ತಿಂಗಳು ಮತ್ತೆ ಪರೀಕ್ಷೆ ಆಯಿತು. ಹಿಂದಿನ ದಿನವೇ ರೈಲಿನಲ್ಲಿ ಬಂದು, ನನ್ನ ಮನೆಯಲ್ಲಿ ಮಲಗಿ, ಉಪ್ಪಿಟ್ಟು ತಿಂದು ಹೋದೆವು. 20 ಬಂತು. ಅಣ್ಣನ ಎಕ್ಸೆಲ್‌ನಲ್ಲಿ ಮೂರನೇ ಚುಕ್ಕೆ ಗೆರೆಗಿಂತ ಮೇಲೆ ಎಲ್ಲೋ ತೇಲುತ್ತಿದೆ. ಅವನು ಈಗ ಬಾಗಿದ ಗೆರೆ ಹಾಕಲು ನೋಡುತ್ತಿದ್ದಾನೆ. ಹಾಕಿಕೊಳ್ಳಲಿ, ಅವನಿಗೂ ಏನಾದರೂ ಮಾಡಬೇಕಲ್ಲ ಅಷ್ಟು ದೂರದಿಂದ.

ಆದರೆ 20 ಬಂತು ಅಂತ ಖುಷಿಪಡುವ ಹಾಗೂ ಇಲ್ಲ. ಕ್ಯಾಶಿಯರ್ ಸಾರ್ ಹೇಳಿದ ಹಾಗೆ ಒಂದನೇ ತಾರೀಖಿನ ಡೈರಿ ಶುರು ಮಾಡಿದ್ದೇನೆ. ಮಾರ್ಚ್ ಪುಟದಲ್ಲಿ "ಗ್ಯಾಸ್ ತಾನೇ ಹಚ್ಚುತ್ತಾರೆ" ಅಂತ ಇದೆ. ಮೇ ಪುಟದಲ್ಲಿ ಇಲ್ಲ. ಸಂಜೆ ಆರಾದರೆ "ಮನೆಗೆ ಹೋಗೋಣ" ಅನ್ನುತ್ತಾರೆ. ಮನೆಯಲ್ಲೇ ಇದ್ದೇವಲ್ಲ ಅಂದರೆ ಅಪ್ಪನ ಮುಖ ನೋಡುತ್ತಾರೆ. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ಬ್ಯಾಂಕಿನ ಕೆಲಸ ಮುಗಿದಿದೆ, ಅಮ್ಮ ಸಹಿ ಮಾಡಿದ್ದು ಇನ್ನೂ ಆ ದುಂಡು ಅಕ್ಷರದಲ್ಲೇ. ಮನೆ ಮಾರುವ ಮಾತು ಸದ್ಯಕ್ಕೆ ನಿಂತಿದೆ. ರಜೆಯ ಅರ್ಜಿ ಬರೆದು ಇಟ್ಟಿದ್ದೇನೆ, ಕೊಟ್ಟಿಲ್ಲ. ತಿಂಗಳಿಗೆ ಎರಡು ಶನಿವಾರ ಹೋಗಿ ಬರುತ್ತಿದ್ದೇನೆ.

ಈಗ ಜಾತ್ರೆಯ ವಿಷಯ. ಏಪ್ರಿಲ್‌ನಲ್ಲಿ ಅಟ್ಟ ಗುಡಿಸುವಾಗ ಅಮ್ಮನ ಹಾಲಿನ ಲೆಕ್ಕದ ಪುಸ್ತಕಗಳ ಕಟ್ಟು ಸಿಕ್ಕಿತು. ಶಾಲೆಯಲ್ಲಿ ಉಳಿದ ನೋಟ್‌ಬುಕ್ಕಿನಲ್ಲಿ ದಿನದಿನದ ತಾರೀಖು, ಲೀಟರ್, ತಿಂಗಳ ಕೊನೆಗೆ ಮೊತ್ತ, ಕೆಳಗೆ ಎರಡು ಗೆರೆ. 2017, 2018ರಲ್ಲಿ ಒಂದು ತಪ್ಪೂ ಇಲ್ಲ, ನಾನು ಕೂಡಿಸಿ ನೋಡಿದೆ. 2019ರ ನವೆಂಬರ್‌ನಲ್ಲಿ 17ನೇ ತಾರೀಖು ಎರಡು ಸಲ ಇದೆ. ದಿನಕ್ಕೆ ಒಂದು ಲೀಟರ್, 40 ರೂಪಾಯಿ. 1,200 ಆಗಬೇಕಾದದ್ದು 1,240 ಆಗಿದೆ. ಒಂದು ತಪ್ಪು ಯಾರಿಗಾದರೂ ಆಗಬಹುದು. ಡಿಸೆಂಬರ್‌ನಲ್ಲಿ ಮೊತ್ತವನ್ನು ಮೂರು ಸಲ ಹೊಡೆದು ಬರೆದಿದ್ದಾರೆ. 2020ರ ಜನವರಿಯಲ್ಲಿ ಒಂದು ವಾರ ಪೂರ್ತಿ ಖಾಲಿ. ಮಾರ್ಚ್‌ನಿಂದ ಅಕ್ಷರ ಅಪ್ಪನದು. ಅಲ್ಲಿಂದ ಮುಂದೆ ಎಲ್ಲ ಪುಸ್ತಕವೂ ಅಪ್ಪನದೇ. ಯಾರಿಗೂ ಹೇಳದೆ ಬರೆಯುತ್ತಾ ಬಂದಿದ್ದಾರೆ.

ಮೇಡಂ ಹೇಳಿದ ಲೆಕ್ಕ ಮಾಡಿದೆ. ನಾಲ್ಕು ವರ್ಷ ನಾಲ್ಕು ತಿಂಗಳಿಗೆ ಎಂಟು ಅಂಕ. ವರ್ಷಕ್ಕೆ ಎರಡಕ್ಕಿಂತ ಸ್ವಲ್ಪ ಕಡಿಮೆ. ಆ ಪುಟಗಳ ಫೋಟೊ ಅಣ್ಣನಿಗೆ ಕಳಿಸಿದೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ "ಅಪ್ಪನಿಗೆ ಫೋನ್ ಕೊಡು" ಅಂದ.

ನಾನು ಪುಸ್ತಕ ಹರಡಿಕೊಂಡು ಕೂತಿದ್ದಾಗ ಅಮ್ಮ ಬಂದು ಪಕ್ಕದಲ್ಲಿ ಕೂತರು. ನವೆಂಬರ್ ಪುಟ ಎಳೆದುಕೊಂಡರು. ಬೆರಳಿಟ್ಟು ಕೆಳಗಿನ ತನಕ ಓದಿದರು. "ಯಾರ ಪುಸ್ತಕ ಇದು? ಒಂದು ದಿನ ಎರಡು ಸಲ ಬರೆದಿದ್ದಾರೆ" ಅಂದರು. ಕೆಂಪು ಪೆನ್ನು ಕೊಡು ಅಂತ ಕೈ ಚಾಚಿದರು. ಮನೆಯಲ್ಲಿ ಕೆಂಪು ಪೆನ್ನು ಇರಲಿಲ್ಲ. ನೀಲಿಯಲ್ಲೇ 17ಕ್ಕೆ ಸುತ್ತು ಹಾಕಿ, 1,240 ಹೊಡೆದು, ಪಕ್ಕದಲ್ಲಿ 1,200 ಬರೆದರು.

ಮುಂದಿನ ತಪಾಸಣೆ ನವೆಂಬರ್‌ನಲ್ಲಿ. ಆದ ಮೇಲೆ ಬರೆಯುತ್ತೇನೆ.